ಎಲೆ ಉದುರದ ಶರತ್ಕಾಲ

ಅಕ್ಟೋಬರ್ ಮೊದಲ ವಾರ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ದೀಪಾವಳಿ ರಜೆಯಲ್ಲಿ ಮಾಡಬೇಕಾದ ಕರಕುಶಲ ಕೆಲಸ: ಶರತ್ಕಾಲದ ಉದುರಿದ ಎಲೆಗಳಿಂದ ಒಂದು ಚಿತ್ರ. ಮಾದರಿಗೆಂದು ಪಕ್ಕದಲ್ಲೇ ಕೆಂಪು, ಕಿತ್ತಳೆ ಬಣ್ಣದ ಮೇಪಲ್ ಎಲೆಗಳು. ಸಂಜೆ ಕಚೇರಿಯ ಕರೆ ಮುಗಿಸಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ದತ್ತ ಮಂದಿರ ಚೌಕದವರೆಗೆ ನಡೆದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಗುಲ್‌ಮೊಹರ್, ಮಳೆಮರ, ಆಲ, ಎಲ್ಲವೂ ಹಸಿರೋ ಹಸಿರು. ಏಳು ವರ್ಷದ ಮಗಳು ಕೈಚೀಲದಲ್ಲಿದ್ದ ಎರಡೇ ಎರಡು ಹಳದಿ ಎಲೆಗಳನ್ನು ನೋಡಿ, ನಮ್ಮ ಕಡೆ ಶರತ್ಕಾಲ ಬರುವುದೇ ಇಲ್ಲವಾ ಎಂದು ಕೇಳಿದಳು. ಕೇಳಿದ್ದು ಮರಾಠಿಯಲ್ಲಿ.

ಬರುತ್ತದೆ, ಆದರೆ ಎಲೆ ಉದುರಿಸಿಕೊಂಡು ಬರುವುದಿಲ್ಲ ಎಂದೆ. ಪುಣೆಯಲ್ಲಿ ಮರಗಳು ಬೋಳಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ನಮ್ಮ ಶರದೃತು ಎಂದರೆ ಆಶ್ವಯುಜ ಮತ್ತು ಕಾರ್ತಿಕ. ಮಧ್ಯಾಹ್ನ ಸುಡುವ ಬಿಸಿಲು, ರಾತ್ರಿ ಒಂದಿಷ್ಟು ತಂಪು, ರಸ್ತೆ ಬದಿಯಲ್ಲಿ ಚೆಂಡುಹೂವಿನ ರಾಶಿ, ಮೆಟ್ಟಿಲಲ್ಲಿ ಹತ್ತುವಾಗ ಪ್ರತಿ ಬಾಗಿಲಿನಿಂದಲೂ ಒಂದೊಂದು ತಿಂಡಿಯ ವಾಸನೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಹೇಳಿದರೆ ಸಾಲದು, ಮಾಡಿ ತೋರಿಸಬೇಕು ಅನ್ನಿಸಿತು.

ಮಾಡಲೇಬೇಕಾದ ಇನ್ನೊಂದು ಕಾರಣವೂ ಇತ್ತು. ನಾವು ಪುಣೆಗೆ ಬಂದಾಗಿನಿಂದ ಪ್ರತಿ ದೀಪಾವಳಿಗೂ ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಅಮ್ಮನ ಡಬ್ಬಿ ಬರುತ್ತಿತ್ತು. ಚಕ್ಕಲಿ, ಕರ್ಚಿಕಾಯಿ, ಅವಲಕ್ಕಿ ಚೂಡಾ. ಈ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ್ದಾರೆ, ಆದರೆ ಹಿಟ್ಟು ನಾದುವಷ್ಟು ಬಲ ಇನ್ನೂ ಬಂದಿಲ್ಲ. “ಈ ಸಲ ಅಂಗಡ್ಯಾಗಿಂದ ತೊಗೋರಿ” ಎಂದಳು. ಆ ಮಾತು ಹೇಳುವಾಗ ಅವಳ ದನಿ ಹೇಗಿತ್ತು ಎಂದು ನಿಮಗೂ ಗೊತ್ತಿರುತ್ತದೆ.

ಅಜ್ಜಿಗೂ ಮೊಮ್ಮಕ್ಕಳಿಗೂ ನಡುವೆ ಇದ್ದದ್ದು ಆ ಡಬ್ಬಿಯೊಂದೇ. ವಿಡಿಯೋ ಕರೆಯಲ್ಲಿ “ಊಟ ಆತೇನ?” “ಆತು.” ಅಲ್ಲಿಗೆ ಮುಗಿಯುತ್ತದೆ. ಮನೆಯಲ್ಲಿ ನಾನೂ ನನ್ನವಳೂ ಕನ್ನಡದಲ್ಲೇ ಮಾತಾಡುತ್ತೇವೆ, ಮಕ್ಕಳು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಇದಕ್ಕೆ ಪುಣೆಯನ್ನೋ ಶಾಲೆಯನ್ನೋ ಎಷ್ಟೋ ದಿನ ದೂರಿದ್ದೇನೆ. ಒಂದು ದಿನ ಸುಮ್ಮನೆ ಕುಳಿತು, ಬೆಳಗಿನಿಂದ ಮಕ್ಕಳ ಜೊತೆ ನಾನು ಆಡಿದ ಕನ್ನಡ ಯಾವುದು ಎಂದು ನೆನಪಿಸಿಕೊಂಡೆ. ಏಳು, ಬಾ, ಉಣ್ಣು, ಬೇಗ, ಸಾಕು, ಮಲಗು. ಆರು ಶಬ್ದ, ಆರೂ ಆಜ್ಞೆ. ಇಷ್ಟೇ ಕನ್ನಡ ಕೊಟ್ಟು ಅವರಿಂದ ಇನ್ನೇನು ನಿರೀಕ್ಷಿಸುವುದು?

ಹಾಗಾಗಿ ಈ ಸಲದ ಚಕ್ಕಲಿ ನಮ್ಮ ಮನೆಯಲ್ಲೇ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆವು, ಆ ಕಡೆ ಅಮ್ಮ. ನಾನು ಅಭ್ಯಾಸಬಲದಿಂದ ಅಳತೆಯನ್ನೆಲ್ಲ ಎಕ್ಸೆಲ್‌ನಲ್ಲಿ ಬರೆದುಕೊಂಡೆ. ನಿಮಗೂ ಬೇಕಾಗಬಹುದು: ಅಕ್ಕಿ 4 ಬಟ್ಟಲು, ಕಡಲೆಬೇಳೆ 2, ಉದ್ದಿನಬೇಳೆ 1, ಹೆಸರುಬೇಳೆ ಅರ್ಧ, ಕೊತ್ತಂಬರಿ ಬೀಜ ಕಾಲು ಬಟ್ಟಲು, ಜೀರಿಗೆ 2 ಚಮಚ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಎಲ್ಲವನ್ನೂ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು ಗಿರಣಿಗೆ ಕೊಡಬೇಕು. ಎರಡು ಬಟ್ಟಲು ಹಿಟ್ಟಿಗೆ ಎರಡು ಬಟ್ಟಲು ನೀರು. ನೀರಿಗೆ 2 ದೊಡ್ಡ ಚಮಚ ಎಣ್ಣೆ, ಉಪ್ಪು, ಖಾರದ ಪುಡಿ, ಎಳ್ಳು, ಅಜವಾನ ಹಾಕಿ ಕುದಿಸಿ, ಉರಿ ಆರಿಸಿ, ಹಿಟ್ಟು ಸುರಿದು ಕಾಲು ಗಂಟೆ ಮುಚ್ಚಿಡಬೇಕು. ಉಗುರುಬೆಚ್ಚಗಾದ ಮೇಲೆ ನಾದಬೇಕು.

ಎಷ್ಟು ಹೊತ್ತು ನಾದಬೇಕು ಎಂದು ಕೇಳಿದೆ. “ಹದಾ ಬರೂತನಕಾ” ಎಂದಳು ಅಮ್ಮ. ಹದ ಅಂದರೆ ಎಷ್ಟು ನಿಮಿಷ ಎಂದು ಮಗಳು ಕೇಳಿದಳು. ನನ್ನ ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅಮ್ಮ ನಕ್ಕು, “ನಿನ್ನ ಕಿವಿ ಹಾಲಿ ಮುಟ್ಟಿ ನೋಡ ಪುಟ್ಟಿ, ಹಿಟ್ಟ ಹಂಗ ಮೆತ್ತಗ ಇರಬೇಕ” ಎಂದಳು. ಆಮೇಲೆ ಇಬ್ಬರೂ ಒಂದು ಕೈಯಲ್ಲಿ ಹಿಟ್ಟು, ಒಂದು ಕೈಯಲ್ಲಿ ಕಿವಿ ಹಿಡಿದುಕೊಂಡು ಕುಳಿತರು. ನಾಲ್ಕು ವರ್ಷದ ಮಗ ನನ್ನ ಕಿವಿಯನ್ನೂ ಹಿಟ್ಟಿನ ಕೈಯಲ್ಲೇ ಪರೀಕ್ಷಿಸಿದ.

ಮೊದಲ ಸುತ್ತು ಎಣ್ಣೆಯಲ್ಲಿ ಬಿಟ್ಟ ಕೂಡಲೇ ಪುಡಿಪುಡಿಯಾಗಿ ಹರಡಿತು. ಗರಿಗರಿಯಾಗಲಿ ಎಂದು ನಾನು ಒಂದು ಚಮಚ ಎಣ್ಣೆ ಹೆಚ್ಚಿಗೆ ಹಾಕಿದ್ದೆ. ಎಣ್ಣೆ ಕಡಿಮೆಯಾದರೆ ಚಕ್ಕಲಿ ಕಲ್ಲಾಗುತ್ತದೆ, ಹೆಚ್ಚಾದರೆ ಹಿಟ್ಟು ಹಿಡಿದುಕೊಳ್ಳದೆ ಒಡೆಯುತ್ತದೆ. ಅಮ್ಮ ಫೋನಿನಿಂದಲೇ ಬಾಣಲೆ ನೋಡಿ, “ಇನ್ನೊಂದು ಹಿಡಿ ಒಣಾ ಹಿಟ್ಟ ಕೂಡಸ” ಎಂದಳು. ಎರಡನೇ ಸುತ್ತು ಸರಿಹೋಯಿತು. ಒರಳಲ್ಲಿ ಒತ್ತುವುದು ಮಕ್ಕಳ ಕೆಲಸ, ಕಾಗದದ ಮೇಲೆ. ಬಾಣಲೆಯ ಹತ್ತಿರ ಅವರನ್ನು ಬಿಡಬೇಡಿ. ನಾನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೆ, ದಾಟುವಂತಿಲ್ಲ.

ಆ ಮಧ್ಯಾಹ್ನ ಹುರಿ, ಜರಡಿ ಹಿಡಿ, ನಾದು, ಒತ್ತು, ತಿರುವಿಹಾಕು, ಆರಲಿ ಎಂಬ ಮಾತುಗಳೆಲ್ಲ ಮನೆಯೊಳಗೆ ಬಂದವು. ಯಾವುದಕ್ಕೂ ಅರ್ಥ ಹೇಳಬೇಕಾಗಲಿಲ್ಲ, ಕೈಯಲ್ಲೇ ಅರ್ಥವಿತ್ತು. ತಣ್ಣಗಾದ ಮೇಲೆ ಮಗ ಒಂದು ಚಕ್ಕಲಿಯನ್ನು ಫೋನಿನ ಹತ್ತಿರ ಹಿಡಿದು ಕಟಕ್ ಎಂದು ಮುರಿದು, “ಅಜ್ಜೀ, ಮುರೀತ!” ಎಂದು ಕೂಗಿದ. ಅವನು ತಾನಾಗಿಯೇ ಅಜ್ಜಿಗೆ ಹೇಳಿದ ಮೊದಲ ಕನ್ನಡ ವಾಕ್ಯ ಅದು.

ಮರುದಿನ ಆಕಾಶಬುಟ್ಟಿ. ಇದಕ್ಕೆ ಎರಡು ಬಣ್ಣದ ಹಾಳೆ ಸಾಕು. ದಪ್ಪ ಹಾಳೆಯನ್ನು ಉದ್ದಕ್ಕೆ ಮಡಿಚಿ, ಮಡಿಕೆಯ ಕಡೆಯಿಂದ ಒಂದೊಂದು ಬೆರಳು ಅಂತರದಲ್ಲಿ ಕತ್ತರಿಸಿ, ತೆರೆದ ಅಂಚಿನಲ್ಲಿ ಎರಡು ಬೆರಳು ಬಿಡಿ. ಬಿಡಿಸಿ ಕೊಳವೆಯಂತೆ ಸುತ್ತಿದರೆ ನಡು ಉಬ್ಬುತ್ತದೆ. ಒಳಗೆ ಹಳದಿ ಗಾಳಿಪಟದ ಕಾಗದದ ಇನ್ನೊಂದು ಕೊಳವೆ, ಕೆಳಗೆ ಬಾಲದಂತೆ ಪಟ್ಟಿಗಳು, ಒಳಗೆ ಸಣ್ಣ ಎಲ್‌ಇಡಿ ದೀಪ. ಹಣತೆ ಬೇಡ. ಎದುರು ಮನೆಯವರು ಇದನ್ನು ಆಕಾಶಕಂದೀಲು ಎನ್ನುತ್ತಾರೆ. ನಾವು ಬುಟ್ಟಿ ಅನ್ನುವುದಾದರೆ ಒಳಗೇನು ಇಡುತ್ತೀರಿ ಎಂದು ಮಗನ ಪ್ರಶ್ನೆ. ಬೆಳಕು ಎಂದೆ. ಅವನು ಒಂದು ಚಕ್ಕಲಿಯನ್ನೂ ಇಟ್ಟ.

ಆಮೇಲೆ ಕೋಟೆ. ಪುಣೆಯಲ್ಲಿ ಮಕ್ಕಳಿಗೆ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ಕೋಟೆಯೇ. ಸೊಸೈಟಿಯ ಮೂಲೆಯಲ್ಲಿ ಇಟ್ಟಿಗೆ, ಕಲ್ಲು ಒಟ್ಟಿ, ಮೇಲೆ ಹಳೇ ಗೋಣಿತಟ್ಟು ಹೊದಿಸಿ, ಕೆಸರು ಬಳಿದು ಬೆಟ್ಟ ಮಾಡುತ್ತಾರೆ. ಅಳವಿ ಬೀಜ ಒದ್ದೆಯಾದಾಗ ಅಂಟಾಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ನಾಲ್ಕೈದು ದಿನದಲ್ಲಿ ಬೆಟ್ಟವೆಲ್ಲ ಹಸಿರು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲುಗಳಲ್ಲಿ ಬಣ್ಣದ ಮಣ್ಣಿನ ಮಾವಳೆಯರು. ಈ ಸಲ ನಮ್ಮ ಮಕ್ಕಳ ಗುಂಪು ರಾಜಗಡ ಕಟ್ಟಿತು. ರಾಯಗಡಕ್ಕೆ ಮೊದಲು ಶಿವಾಜಿಯ ರಾಜಧಾನಿಯಾಗಿದ್ದ ಕೋಟೆ. 2025ರ ಜುಲೈನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಇದೂ ಒಂದು. ಪದ್ಮಾವತಿ, ಸುವೇಳಾ, ಸಂಜೀವನಿ ಎಂಬ ಮೂರು ಮಾಚಿಗಳನ್ನೂ ನಡುವಿನ ಬಾಲೇಕಿಲ್ಲೆಯನ್ನೂ ಮಗಳು ನನಗೆ ಬೆರಳು ಮಾಡಿ ತೋರಿಸಿದಳು. ಈ ಊರು ಅವಳದು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಯಾವತ್ತೂ ಅನ್ನಿಸಿರಲಿಲ್ಲ. ಒಂದು ಕ್ಷಣ ಹೊಟ್ಟೆಯಲ್ಲಿ ಸಣ್ಣ ಕಳವಳವೂ ಆಯಿತು.

ಬಲಿಪಾಡ್ಯಮಿಯ ಬೆಳಿಗ್ಗೆ ಅವಳಿಗೆ ನಮ್ಮ ಕಡೆಯ ಪಾಂಡವರ ಕಥೆ ಹೇಳಿದೆ. ಅಂದು ಅಮ್ಮ ಹಸಿ ಸಗಣಿಯಲ್ಲಿ ಐವರು ಪಾಂಡವರನ್ನು ಮಾಡಿ, ಚೆಂಡುಹೂವು, ಉತ್ತರಾಣಿ ಕಡ್ಡಿ ಚುಚ್ಚಿ ಹೊಸ್ತಿಲ ಬಳಿ ಇಡುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನು ಭೀಮನನ್ನು ಮಾತ್ರ ದಪ್ಪ ಮಾಡುತ್ತಿದ್ದೆ. ಈಗ ವಿಮಾನ ನಗರದಲ್ಲಿ ಹಸಿ ಸಗಣಿ ಎಲ್ಲಿಂದ ತರುವುದು? ಹದಿನೈದು ನಿಮಿಷದಲ್ಲಿ ಎಲ್ಲವನ್ನೂ ಮನೆಗೆ ತಲುಪಿಸುವ ಆ್ಯಪ್‌ನಲ್ಲಿ ಒಣ ಬೆರಣಿ ಇತ್ತು, ಹಸಿ ಸಗಣಿ ಇರಲಿಲ್ಲ. “ಕೋಟೆ ಮಣ್ಣು ಉಳಿದಿದೆಯಲ್ಲ” ಎಂದಳು ಮಗಳು. ಅಮ್ಮನನ್ನು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಣ್ಣರ ಏನ, ಸಗಣಿಯರ ಏನ, ಹೂವು ಮಾತ್ರ ಮರೀಬ್ಯಾಡ್ರಿ” ಎಂದಳು.

ಐವರು ಪಾಂಡವರು ತಯಾರಾದರು. ಸಂಜೆ ನೋಡಿದರೆ ಅವರು ಹೊಸ್ತಿಲಲ್ಲಿರಲಿಲ್ಲ. ಮಗ ಕೆಳಗೆ ಒಯ್ದು ರಾಜಗಡದ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದ್ದ. ತಲೆಯ ಮೇಲೆ ಚೆಂಡುಹೂವು ಇಟ್ಟುಕೊಂಡ ಈ ಐದು ಜನ ಯಾರು ಎಂದು ಮಕ್ಕಳೆಲ್ಲ ಕೇಳುತ್ತಿದ್ದರು, ನನ್ನ ಮಗಳು ಮರಾಠಿಯಲ್ಲಿ ಧಾರವಾಡದ ಬಲಿಪಾಡ್ಯಮಿಯನ್ನು ವಿವರಿಸುತ್ತಿದ್ದಳು. ಹಿಂದಿನ ದಿನದ ಕಳವಳ ಆಗ ಅರ್ಧ ಇಳಿಯಿತು. ಒಂದು ಊರಿನ ಮಕ್ಕಳಾಗಲು ಇನ್ನೊಂದು ಊರನ್ನು ಬಿಡಬೇಕಿಲ್ಲ, ಆದರೆ ಆ ಇನ್ನೊಂದು ಊರು ಅವರ ಕೈಗೆ ಸಿಗುವಂತೆ ಇಡುವುದು ನಮ್ಮ ಕೆಲಸ.

ಶಾಲೆಯ ಚಿತ್ರ ಕೊನೆಗೂ ಆಯಿತು. ತೋರಣದಲ್ಲಿ ಒಣಗಿದ ಮಾವಿನೆಲೆ, ಚೆಂಡುಹೂವಿನ ಎಸಳು, ಒಂದು ಮೂಲೆಯಲ್ಲಿ ಅಳವಿಯ ಮೊಳಕೆ. ಕಿತ್ತಳೆ ಬಣ್ಣಕ್ಕೇನೂ ಕೊರತೆಯಾಗಲಿಲ್ಲ.

ಈ ವರ್ಷ ಡಬ್ಬಿ ಉಲ್ಟಾ ದಿಕ್ಕಿನಲ್ಲಿ ಹೋಯಿತು, ಪುಣೆಯಿಂದ ಧಾರವಾಡಕ್ಕೆ. ಮರುದಿನ ಅಮ್ಮನ ಫೋನು: ಚಕ್ಕಲಿಗೆ ಉಪ್ಪು ಕಡಿಮೆಯಾಗಿದೆಯಂತೆ. ಉಪ್ಪು ಹಾಕಿದ್ದು ಮಗಳು. ಅವಳು ಒಪ್ಪಲಿಲ್ಲ. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಅಜ್ಜಿಯ ಜೊತೆ ಇಪ್ಪತ್ತು ನಿಮಿಷ ವಾದ ಮಾಡಿದಳು. ನನ್ನ ಕಚೇರಿಯ ಕರೆ ಶುರುವಾಗುವ ಹೊತ್ತಾಗಿತ್ತು, ಫೋನು ಬೇಕಿತ್ತು. ನಾನು ಕೇಳಲಿಲ್ಲ.