ಶಿಕ್ಷಕರ ಗ್ರಾಚ್ಯುಟಿ: ಆಡಳಿತ ಮಂಡಳಿಗಳು ಮರೆತ ಬಾಕಿ

ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಅನುದಾನರಹಿತ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಅಧ್ಯಕ್ಷರಾಗಿಯೋ ಖಜಾಂಚಿಗಳಾಗಿಯೋ ಇರುವುದು ಸಾಮಾನ್ಯ. ತಮ್ಮ ಕಾರ್ಖಾನೆಯ ಕೆಲಸಗಾರರ ಗ್ರಾಚ್ಯುಟಿಯನ್ನು ತಪ್ಪದೆ ಲೆಕ್ಕ ಹಾಕಿಸುವ ಇವರೇ, ಶಾಲೆಯ ಅಢಾವೆ ಪತ್ರಿಕೆಗೆ ಸಹಿ ಮಾಡುವಾಗ ಆ ಬಾಬ್ತು ಅಲ್ಲಿ ಏಕಿಲ್ಲವೆಂದು ಕೇಳುವುದು ವಿರಳ.

ಇದಕ್ಕೆ ಹಳೆಯ ಕಾರಣವೊಂದುಂಟು. ಕಾನೂನಿನ ಕಣ್ಣಿಗೆ ಶಿಕ್ಷಕರು ಬಹುಕಾಲ ಯಾವ ವರ್ಗಕ್ಕೂ ಸೇರದವರಾಗಿದ್ದರು. ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ಅವರು ಕೆಲಸಗಾರರಲ್ಲವೆಂದು 1988ರಲ್ಲಿ, ಕನಿಷ್ಠ ವೇತನ ಕಾಯಿದೆ ಅವರಿಗೆ ಅನ್ವಯಿಸದೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1972ರ ಗ್ರಾಚ್ಯುಟಿ ಪಾವತಿ ಕಾಯಿದೆಯನ್ನು ಹತ್ತು ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರವು 1997ರ ಏಪ್ರಿಲ್ 3ರಂದು ವಿಸ್ತರಿಸಿತು. ಆದರೆ ಬೋಧನೆಯು ಕಾಯಿದೆಯ ವ್ಯಾಖ್ಯೆಯಲ್ಲಿ ಹೆಸರಿಸಿದ ಕೆಲಸಗಳಲ್ಲಿ ಯಾವುದೂ ಅಲ್ಲವೆಂಬ ಕಾರಣದಿಂದ 2004ರ ತೀರ್ಪಿನಲ್ಲಿ ಶಿಕ್ಷಕರು ಅದರಿಂದಲೂ ಹೊರಗುಳಿದರು. ಶಾಲೆಯ ಜವಾನನಿಗೆ ಗ್ರಾಚ್ಯುಟಿ, ಪಾಠ ಹೇಳುವ ಶಿಕ್ಷಕಿಗೆ ಇಲ್ಲ! ಸಂಸತ್ತು 2009ರ ತಿದ್ದುಪಡಿಯ ಮೂಲಕ, 1997ರಿಂದಲೇ ಪೂರ್ವಾನ್ವಯವಾಗುವಂತೆ ಈ ಲೋಪವನ್ನು ಸರಿಪಡಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ಗ್ರಾಚ್ಯುಟಿಯು ಔದಾರ್ಯವಲ್ಲ, ಸೇವೆಯ ಕನಿಷ್ಠ ಷರತ್ತುಗಳಲ್ಲೊಂದು ಎಂದು ಸ್ಪಷ್ಟಪಡಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕು ಮುಂದುವರಿದಿದೆ.

ಮೊತ್ತವೇನೂ ಸಣ್ಣದಲ್ಲ. ಗ್ರಾಚ್ಯುಟಿಗೆ ಲೆಕ್ಕ ಹಿಡಿಯುವ ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಗೆ ಸಲ್ಲುವ ಹಣ ದೊರೆಯುತ್ತದೆ. ಆ ವೇತನ 20,800 ರೂ. ಇದ್ದು, 25 ವರ್ಷ ದುಡಿದು ನಿವೃತ್ತರಾಗುವ ಶಿಕ್ಷಕಿಗೆ ಸಲ್ಲಬೇಕಾದುದು 3 ಲಕ್ಷ ರೂ. ಅಂತಹ ನಾಲ್ವರು ಒಂದೇ ವರ್ಷ ನಿವೃತ್ತರಾದರೆ 12 ಲಕ್ಷ. ಇದನ್ನು ವರ್ಷವರ್ಷವೂ ತೆಗೆದಿರಿಸದ ಶಾಲೆಯ ಲೆಕ್ಕದಲ್ಲಿ ಕಾಣುವ ಉಳಿತಾಯದ ಒಂದು ಪಾಲು ವಾಸ್ತವವಾಗಿ ಶಿಕ್ಷಕರ ಹಣ.

ಅವರ ದುಡಿಮೆಯಾದರೂ ಕೊನೆಯ ಗಂಟೆ ಬಾರಿಸಿದೊಡನೆ ಮುಗಿಯುವಂಥದಲ್ಲ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪಾಠದ ಸಿದ್ಧತೆಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆಗಳನ್ನು ನಿಗದಿಪಡಿಸಿದೆ. ಐವತ್ತು ಮಕ್ಕಳ ಎರಡು ವಿಭಾಗಗಳ ನೂರು ಪುಸ್ತಕಗಳನ್ನು ತಲಾ ಮೂರು ನಿಮಿಷದಂತೆ ತಿದ್ದಿದರೂ ಐದು ಗಂಟೆ ಬೇಕು. ಅದು ನಡೆಯುವುದು ಮನೆಯಲ್ಲಿ, ರಾತ್ರಿ. ಕಾರ್ಖಾನೆಯಾಗಿದ್ದರೆ ಓವರ್‌ಟೈಂ ಕೊಡಬೇಕಾಗುತ್ತಿತ್ತು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕೆಂಬುದನ್ನು ಬಲ್ಲ ಕೆಲವು ಸಂಸ್ಥೆಗಳು ಬೇಸಿಗೆ ರಜೆಗೆ ಮುನ್ನ ಶಿಕ್ಷಕರನ್ನು ಬಿಡುಗಡೆ ಮಾಡಿ ಜೂನ್‌ನಲ್ಲಿ ಹೊಸ ನೇಮಕಾತಿ ಆದೇಶ ನೀಡುವುದುಂಟು. ಈ ಜಾಣತನ ಮರ್ಯಾದಸ್ಥ ವರ್ತಕನಿಗೆ ಶೋಭಿಸದು.

ಶುಲ್ಕ ಸಕಾಲಕ್ಕೆ ಬಾರದು, ಸರ್ಕಾರದ ಮರುಪಾವತಿ ತಡವಾಗುತ್ತದೆ ಎಂಬ ಆಡಳಿತ ಮಂಡಳಿಗಳ ಅಳಲು ಸುಳ್ಳಲ್ಲ. ಸಣ್ಣ ಊರಿನ ಶಾಲೆಗೆ ಇದು ನಿಜವಾದ ಹೊರೆ. ಆದರೂ ಎರಡನೆಯ ಅಂತಸ್ತು ಕಟ್ಟಿಸಲು ಹಣ ಹೇಗೋ ಹೊಂದಿಕೆಯಾಗುತ್ತದೆ. ಕೊಠಡಿಗೆ ದಾನಿಯ ಹೆಸರಿನ ಫಲಕ ಹಾಕಬಹುದು, ಗ್ರಾಚ್ಯುಟಿ ನಿಧಿಗೆ ಹಾಕಲಾಗದು ಎಂಬುದೇ ತೊಡಕೇನೋ.

ಜೀವ ವಿಮಾ ನಿಗಮದ ಸಮೂಹ ಗ್ರಾಚ್ಯುಟಿ ಯೋಜನೆಗೆ ಸೇರಿ ಪ್ರತಿವರ್ಷ ವಂತಿಗೆ ಕಟ್ಟುತ್ತ ಹೋದರೆ, ಒಮ್ಮೆಲೇ ಬೀಳುವ ಭಾರ ಹಂಚಿಹೋಗುತ್ತದೆ. ಅದಕ್ಕೂ ಮೊದಲು ಬರುವ ಮಾರ್ಚ್ 31ಕ್ಕೆ ಪ್ರತಿಯೊಬ್ಬ ಶಿಕ್ಷಕರ ನೇಮಕದ ದಿನಾಂಕ, ವೇತನ, ಸಲ್ಲಬೇಕಾದ ಮೊತ್ತ ಇವಿಷ್ಟನ್ನು ಪಟ್ಟಿ ಮಾಡಿಸಿ ಮಂಡಳಿಯ ಸಭೆಯ ಮುಂದಿಡಬೇಕು. ಸಣ್ಣ ಶಾಲೆಗಳಲ್ಲಿ ಅದು ಒಂದು ಹಾಳೆಯನ್ನು ಮೀರದು.