ಮಾತು ಬಾರದ ಮೊದಲ ದಿನಗಳು



ವಿದ್ಯೆಯನ್ನರಸಿ ಕಡಲಾಚೆ ಹೋಗುವ ಮಕ್ಕಳು ನಮ್ಮ ಮನೆತನಗಳಿಗೆ ಹೊಸಬರಲ್ಲ. ವೈದ್ಯಕೀಯಕ್ಕೆ, ಎಂಜಿನಿಯರಿಂಗಿಗೆ ಹೋದವರನ್ನು ಎರಡು ತಲೆಮಾರಿನಿಂದ ಕಂಡಿದ್ದೇವೆ. ಅವರಲ್ಲಿ ಬಹುಮಂದಿಗೆ ಇಂಗ್ಲಿಷ್ ಬಂದರೆ ಸಾಕಾಗುತ್ತಿತ್ತು. ಆದರೆ ಚಿತ್ರಕಲೆಯನ್ನು ಕಲಿಯಲೆಂದು ಇಟಲಿಗೋ ಫ್ರಾನ್ಸಿಗೋ ಹೊರಡುವವರ ಪಾಡು ಬೇರೆ. ಅಲ್ಲಿ ಇಂಗ್ಲಿಷು ತಲಬಾಗಿಲವರೆಗೆ ಮಾತ್ರ ಜೊತೆಗೆ ಬರುತ್ತದೆ. ಪಡಸಾಲೆಗೆ ಕಾಲಿಡಬೇಕಾದರೆ ಆ ನಾಡಿನ ನುಡಿಯೇ ಬೇಕು.

ಧಾರವಾಡ ಸೀಮೆಯ ಒಂದು ಒಕ್ಕಲು ಮನೆತನ ನನಗೆ ಬಹುಕಾಲದಿಂದ ಪರಿಚಿತವಾದುದು. ಆ ಮನೆಯ ಮೊಮ್ಮಗಳು ಚಿತ್ರಕಲೆಯಲ್ಲಿ ಪದವಿ ಪಡೆದು, ಕಳೆದ ಸೆಪ್ಟೆಂಬರಿನಲ್ಲಿ ಇಟಲಿಯ ಪೆರೂಜಾ ನಗರಕ್ಕೆ ತೆರಳಿದಳು. ಮೊದಲು ಭಾಷೆ, ಅದು ಕೈಗೆ ಬಂದ ಮೇಲೆ ಕಲಾಶಾಲೆಯ ಪ್ರವೇಶ ಎಂಬುದು ಏರ್ಪಾಡು. ತಂದೆ ಹೊಲದ ಮೇಲೆ ಸಾಲ ತೆಗೆದಿದ್ದಾರೆ. ಹನ್ನೆರಡು ದಿನಗಳಾಗುವಷ್ಟರಲ್ಲಿ ಅಜ್ಜನವರು ನನ್ನ ಬಳಿಗೆ ಬಂದರು. "ಶಾಸ್ತ್ರಿಗಳ, ಕೂಸು ಫೋನಿನಾಗ ಮಾತಾಡೂದಿಲ್ರಿ. ಬರೇ ಹೂಂ ಅಂತೈತಿ. ಸೊಸಿ ದಿನಾ ಅಳತಾಳ. ಕರೆಸಿಕೊಂಡು ಬಿಡೂಣೇನ್ರಿ?" ಎಂದರು. ತುಸು ತಡೆದು, "ಅಲ್ರಿ, ಚಿತ್ರಾ ಬರಿಯಾಕ ಭಾಷಾ ಯಾಕ ಬೇಕು?" ಎಂದೂ ಕೇಳಿದರು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಲೇಸು. ಏಕೆಂದರೆ ಈ ಸಂದೇಹ ಓದಿದವರಲ್ಲಿಯೂ ಇದೆ. ಚಿತ್ರಕ್ಕೆ ಭಾಷೆಯಿಲ್ಲವೆಂಬುದು ಕೇಳಲು ಸೊಗಸಾದ ಮಾತು. ನೋಡುವವನ ಮಟ್ಟಿಗೆ ಅದು ನಿಜವಿರಬಹುದು, ಕಲಿಯುವವನ ಮಟ್ಟಿಗೆ ಅಲ್ಲ. ಇಟಾಲಿಯನ್ನರು ರೇಖಾಚಿತ್ರಕ್ಕೆ 'ದಿಸೇನ್ಯೊ' ಎನ್ನುತ್ತಾರೆ. ಕೈಯಿಂದ ಎಳೆದ ಗೆರೆಯೂ ಅದೇ, ಗೆರೆ ಎಳೆಯುವ ಮೊದಲು ಮನಸ್ಸಿನಲ್ಲಿ ಮೂಡುವ ಸಂಕಲ್ಪವೂ ಅದೇ. ಹದಿನಾರನೆಯ ಶತಮಾನದ ವಸಾರಿಯು ಚಿತ್ರ, ಶಿಲ್ಪ, ವಾಸ್ತು ಮೂರಕ್ಕೂ ಇದನ್ನೇ ತಂದೆಯೆಂದು ಕರೆದನು. ಗುರುವು ಬೆನ್ನ ಹಿಂದೆ ನಿಂತು ಆ ಪದವನ್ನು ನುಡಿದಾಗ ಎರಡರಲ್ಲಿ ಯಾವುದನ್ನು ಕುರಿತು ಹೇಳುತ್ತಿದ್ದಾನೆಂದು ತಿಳಿಯದ ಶಿಷ್ಯೆ ಏನನ್ನು ತಿದ್ದಿಕೊಂಡಾಳು? ಚಿತ್ರಕಾರ ಎಸ್. ಎಚ್. ರಝಾ ಅವರು 1950ರಲ್ಲಿ ಫ್ರೆಂಚ್ ಸರಕಾರದ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸಿಗೆ ಹೋಗುವ ಮೊದಲೇ ಮುಂಬಯಿಯಲ್ಲಿ ಆ ಭಾಷೆಯನ್ನು ಕಲಿಯತೊಡಗಿದ್ದರು. ಅದಕ್ಕೂ ಒಂದು ವರ್ಷ ಮೊದಲು, 1949ರಲ್ಲಿ, ಉಡುಪಿ ಸಮೀಪದ ಕಟ್ಟಿಂಗೇರಿಯ ನಮ್ಮ ಕೆ. ಕೆ. ಹೆಬ್ಬಾರರು ನಲವತ್ತರ ಹತ್ತಿರದ ವಯಸ್ಸಿನಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು.

ಪೆರೂಜಾ ಈ ಎರಡು ವಿದ್ಯೆಗಳಿಗೂ ನೆಲೆಯಾದ ಊರು. ಗುಡ್ಡದ ನೆತ್ತಿಯ ಮೇಲೆ ಕಟ್ಟಿದ ಹಳೆಯ ಪಟ್ಟಣವದು. ಕಲಾ ಅಕಾಡೆಮಿ 1573ರಲ್ಲಿ ಸ್ಥಾಪಿತವಾಯಿತು. ಪರದೇಶದವರಿಗಾಗಿಯೇ ಇರುವ ವಿಶ್ವವಿದ್ಯಾಲಯದಲ್ಲಿ 1921ರಿಂದ ಇಟಾಲಿಯನ್ ನುಡಿಯನ್ನೂ ಸಂಸ್ಕೃತಿಯನ್ನೂ ಕಲಿಸುತ್ತ ಬಂದಿದ್ದಾರೆ. ಅದರ ಭವನದ ಎದುರಿಗೇ ಎತ್ರುಸ್ಕನ್ ಜನರು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕಟ್ಟಿದ ಹೆಬ್ಬಾಗಿಲು ಇಂದಿಗೂ ನಿಂತಿದೆ.

ಇಂಥ ಊರಿಗೆ ಬಂದಿಳಿದವಳಿಗೆ ಮೊದಲ ವಾರದಲ್ಲಿ ಕಲೆಯೂ ಇಲ್ಲ, ಕಾವ್ಯವೂ ಇಲ್ಲ. ಬಂದ ಎಂಟು ಕೆಲಸದ ದಿನಗಳೊಳಗೆ ವಾಸ್ತವ್ಯದ ಪರವಾನಗಿಗೆ ಅರ್ಜಿ ಕೊಡಬೇಕು. ಅದರ ಕಾಗದಗಳ ಲಕೋಟೆ ಸಿಗುವುದು ಅಂಚೆ ಕಚೇರಿಯಲ್ಲಿ. 16 ಯೂರೋಗಳ ಮುದ್ರಾಂಕ ಕೊಳ್ಳಬೇಕಾದುದು ತಂಬಾಕಿನ ಅಂಗಡಿಯಲ್ಲಿ! ಇವೆಲ್ಲ ಮುಗಿದರೆ ಊಟದ ಚಿಂತೆ. ಸಸ್ಯಾಹಾರದ ಮನೆಯವಳು ಎರಡು ಪದಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಬೇಕಾಯಿತು. ಒಂದು 'ಸ್ಟ್ರುತ್ತೊ', ಎಂದರೆ ಹಂದಿಯ ಕೊಬ್ಬು. ಕೆಲವು ರೊಟ್ಟಿಗಳ ಹಿಟ್ಟಿಗೆ ಅದನ್ನು ಬೆರೆಸುತ್ತಾರೆ. ಇನ್ನೊಂದು 'ಕಾಲ್ಯೊ', ಹಾಲನ್ನು ಒಡೆಸುವ ಹೆಪ್ಪು. ಹೆಸರಾಂತ ಪಾರ್ಮಿಜಾನೊ ಗಿಣ್ಣಕ್ಕೆ ಬಳಸುವ ಹೆಪ್ಪು ಕರುವಿನ ಜಠರದಿಂದ ತೆಗೆದದ್ದು. ಕೇಳದೆ ತಿನ್ನುವಂತಿಲ್ಲ, ಕೇಳಲು ಮಾತಿಲ್ಲ. ಆ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. 1540ರಲ್ಲಿ ಪೋಪ್ ಮೂರನೆಯ ಪಾಲ್ ಉಪ್ಪಿನ ಮೇಲೆ ಹೇರಿದ ಕರವನ್ನು ಪ್ರತಿಭಟಿಸಿ ಜನ ಉಪ್ಪು ಬಿಟ್ಟರೆಂಬುದು ಊರವರ ಕಥೆ. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಉಪ್ಪಿಲ್ಲದ ಜೋಳದ ರೊಟ್ಟಿಯನ್ನುಂಡು ಬೆಳೆದವಳಿಗೆ ಅದೊಂದು ಮಾತ್ರ ಕಷ್ಟವೆನಿಸಲಿಲ್ಲವಂತೆ.

ಭಾಷೆಯ ತರಗತಿಯಲ್ಲಿಯೂ ಕನ್ನಡ ಅವಳ ಕೈಬಿಡಲಿಲ್ಲ. ಇಟಾಲಿಯನ್ನಿನಲ್ಲಿ 'ಕಾಸಾ' ಎಂದರೆ ಮನೆ, 'ಕಾಸ್ಸಾ' ಎಂದರೆ ಹಣ ಕಟ್ಟುವ ಗಲ್ಲೆ. 'ಸೇತೆ' ಬಾಯಾರಿಕೆ, 'ಸೆತ್ತೆ' ಏಳು. ಬೇರೆ ದೇಶಗಳ ಸಹಪಾಠಿಗಳಲ್ಲಿ ಹಲವರು ಈ ಒತ್ತನ್ನು ಕಿವಿಗೊಟ್ಟು ಹಿಡಿಯಲಾರದೆ ಬಳಲುತ್ತಿದ್ದಾಗ, 'ಕತೆ' ಮತ್ತು 'ಕತ್ತೆ'ಗಳ ಭೇದವನ್ನು ತೊಟ್ಟಿಲಲ್ಲೇ ಕಲಿತವಳಿಗೆ ಅದು ಸಹಜವಾಗಿತ್ತು. ಇನ್ನೊಂದು ಸ್ವಾರಸ್ಯವುಂಟು. ಹಿರಿಯರನ್ನು, ಅಪರಿಚಿತರನ್ನು ಸಂಬೋಧಿಸುವಾಗ ಅವರು 'ಲೆಯಿ' ಎನ್ನುತ್ತಾರೆ. ಅಕ್ಷರಶಃ ಅದರ ಅರ್ಥ 'ಅವಳು'. ಎದುರಿಗಿರುವವರನ್ನೇ ಪ್ರಥಮ ಪುರುಷದಲ್ಲಿ ಕರೆದು, ಕ್ರಿಯಾಪದವನ್ನೂ ಹಾಗೆಯೇ ಹೊಂದಿಸಬೇಕು. ಇದೇನು ವಿಪರೀತವೆಂದು ಉಳಿದವರು ಬೆರಗಾದರಂತೆ. ನಮ್ಮ ಮಠಗಳಲ್ಲಿ ಸ್ವಾಮಿಗಳ ಸಮ್ಮುಖದಲ್ಲಿಯೇ "ಅಪ್ಪನವರು ಪ್ರಸಾದಕ್ಕೆ ದಯಮಾಡಿಸಬೇಕು" ಎಂದು ಬಿನ್ನವಿಸುವುದಿಲ್ಲವೇ? ಆ ರೂಢಿಯನ್ನು ನೋಡಿ ಬೆಳೆದ ಹುಡುಗಿಗೆ ವ್ಯಾಕರಣದ ಈ ಗಂಟು ಒಂದೇ ದಿನದಲ್ಲಿ ಬಿಚ್ಚಿತು.

ಹಾಗಿದ್ದರೂ ಅವಳು ಮೌನಿಯಾದಳು, ಏಕೆ? ಇಪ್ಪತ್ತೆರಡು ವರ್ಷದ, ಬಹುಮಾನಗಳನ್ನು ಪಡೆದ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಿದ್ದ ಹುಡುಗಿ ಒಮ್ಮೆಗೇ ಮೂರು ವರ್ಷದ ಮಗುವಿನಷ್ಟು ಮಾತಿಗೆ ಇಳಿದಳು. ಅವಳಿಗೆ ಬಂದ ಬುದ್ಧಿಯೆಲ್ಲ ಹಾಗೆಯೇ ಇದೆ, ಅದನ್ನು ತೋರುವ ದಾರಿ ಮಾತ್ರ ಮುಚ್ಚಿದೆ. ಎಳೆವಯಸ್ಸಿನಲ್ಲಿ ಮಠದ ಪಾಠಶಾಲೆಯನ್ನು ಸೇರಿ, ಅರ್ಥವರಿಯದೆ ಅಮರಕೋಶವನ್ನು ಗಟ್ಟಿ ಮಾಡಿದ ನನ್ನಂಥವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಹೊಸ ನುಡಿಯು ಕಿವಿಯನ್ನು ತುಂಬಿ ನಾಲಗೆಗೆ ಇನ್ನೂ ಇಳಿಯದ ಕಾಲವದು. ಹೊರಗಿನಿಂದ ನೋಡುವವರಿಗೆ ಅದು ದುಃಖದಂತೆ ಕಾಣುತ್ತದೆ. ಸ್ವಲ್ಪ ದುಃಖವೂ ಇದ್ದೀತು. ಆದರೆ ಒಳಗೆ ನಡೆಯುತ್ತಿರುವುದು ಅಭ್ಯಾಸವೇ.

ಅಜ್ಜನವರನ್ನು ನಾನು ಕೇಳಿದ್ದು ಒಂದೇ: "ದಿನಾ ಎಷ್ಟು ಹೊತ್ತಿಗೆ ಫೋನು ಮಾಡುತ್ತೀರಿ?" ರಾತ್ರಿ ಊಟವಾದ ಮೇಲೆ, ಒಂಬತ್ತು ಗಂಟೆಗೆ, ಮುಖ ನೋಡುತ್ತ ಒಂದು ತಾಸು ಎಂದರು. ನಮ್ಮ ಒಂಬತ್ತು ಗಂಟೆ ಸೆಪ್ಟೆಂಬರಿನಲ್ಲಿ ಅಲ್ಲಿಯ ಸಂಜೆ ಐದೂವರೆ. ಆ ಹೊತ್ತಿಗೆ ಊರಿಗೆ ಊರೇ ಕೋರ್ಸೊ ವಾನ್ನುಚಿ ಎಂಬ ಹೆದ್ದಾರಿಗೆ ಇಳಿದು, ಮಾತನಾಡುತ್ತ ಮೇಲಕ್ಕೂ ಕೆಳಕ್ಕೂ ಅಡ್ಡಾಡುತ್ತದೆ. ಸಹಪಾಠಿಗಳು ಕರೆಯುತ್ತಾರೆ, ಬೆಳಗಿನ ತರಗತಿಯಲ್ಲಿ ಕಲಿತ ನಾಲ್ಕು ವಾಕ್ಯಗಳನ್ನು ಬಳಸಿ ನೋಡುವ ಸಮಯವೇ ಅದು. ಈ ಹುಡುಗಿ ಆಗ ಕೋಣೆಯಲ್ಲಿ ಕುಳಿತು, ತಾಯಿಯ ಕಣ್ಣೀರನ್ನು ನೋಡುತ್ತ, ಹೂಂಗುಟ್ಟುತ್ತಿದ್ದಳು! ಪ್ರೀತಿಗೂ ಹೊತ್ತುಗೊತ್ತು ಬೇಕೆಂದು ನಾನು ಕಟುವಾಗಿಯೇ ಹೇಳಿದೆ. ಕರೆಸಿಕೊಳ್ಳುವ ಮಾತು ಬೇಡ, ರವಿವಾರಕ್ಕೊಮ್ಮೆ ಫೋನು ಸಾಕು ಎಂದೆ. ತಾಯಿಗೆ ನನ್ನ ಮೇಲೆ ಕೋಪ ಬಂದದ್ದು ಆಮೇಲೆ ತಿಳಿಯಿತು. ಅದು ನ್ಯಾಯವೇ.

ಅವಳ ಮುಂದಿನ ದಿನಗಳನ್ನು ಅಜ್ಜನವರೇ ಆಗಾಗ ವರದಿ ಮಾಡಿದರು. ಊರ ನಡುವೆ 1275ರಿಂದ 1278ರ ಅವಧಿಯಲ್ಲಿ ನಿಕೋಲ ಮತ್ತು ಜೋವಾನ್ನಿ ಪಿಸಾನೊ ಎಂಬ ತಂದೆ-ಮಕ್ಕಳು ಕಡೆದ ಕಾರಂಜಿಯಿದೆ. ಹನ್ನೆರಡು ತಿಂಗಳ ಕಾಯಕಗಳನ್ನು ಅದರ ಸುತ್ತ ಕೆತ್ತಿದ್ದಾರೆ: ಪೈರು ಕೊಯ್ಯುವುದು, ಒಕ್ಕುವುದು, ದ್ರಾಕ್ಷಿ ತುಳಿಯುವುದು. ಒಕ್ಕಲಿಗನ ಮೊಮ್ಮಗಳು ಒಂದು ವಾರ ಅಲ್ಲಿಯೇ ಕುಳಿತು ಆ ಶಿಲ್ಪಗಳನ್ನು ಬರೆದುಕೊಂಡಳು. ನೋಡಲು ನಿಂತ ಮುದುಕಿಯೊಬ್ಬಳು ಒಂದೊಂದು ಕೆಲಸದ ಹೆಸರನ್ನೂ ಹೇಳಿಕೊಟ್ಟಳಂತೆ.

ಬಳಿಕ ಒಂದು ದಿನ ಅಧ್ಯಾಪಕಿ ತರಗತಿಯವರನ್ನು ಸಾನ್ ಸೆವೆರೊ ಎಂಬ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ದರು. ಅಲ್ಲಿಯ ಗೋಡೆಯ ಮೇಲ್ಭಾಗವನ್ನು ತರುಣ ರಾಫೆಲ್ 1505ರ ಸುಮಾರಿಗೆ ಚಿತ್ರಿಸಿ, ಕೆಳಭಾಗವನ್ನು ಹಾಗೆಯೇ ಬಿಟ್ಟು ಹೋದನು. 1520ರಲ್ಲಿ ಅವನು ತೀರಿಕೊಂಡನು. ಮರುವರ್ಷ ವೃದ್ಧ ಪೆರುಜಿನೊ ಬಂದು ಉಳಿದ ಭಾಗವನ್ನು ತುಂಬಿದನು. ರಾಫೆಲನಿಗೆ ಗುರುವೆಂದು ವಸಾರಿ ಹೇಳುವುದು ಇವನನ್ನೇ. ಶಿಷ್ಯ ಬಿಟ್ಟುಹೋದುದನ್ನು ಗುರು ಮುಗಿಸಿದ ಆ ಗೋಡೆಯ ಮುಂದೆ ಅಧ್ಯಾಪಕಿ 'ಜೊರ್ನಾತಾ' ಎಂಬ ಪದವನ್ನು ವಿವರಿಸಿದರು. ಸುಣ್ಣದ ಹಸಿ ಗಾರೆ ಆರುವ ಮೊದಲೇ ಬಣ್ಣ ಹಚ್ಚಬೇಕು. ಹಾಗಾದರೆ ಮಾತ್ರ ಬಣ್ಣ ಗೋಡೆಯಲ್ಲಿ ಒಂದಾಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತುತ್ತಾರೆ. ಆ ತುಂಡಿನ ಹೆಸರೇ ಜೊರ್ನಾತಾ, ದಿನದ ಪಾಲು.

ಈ ಗಾರೆಗೆ ನಿಮ್ಮ ನಿಮ್ಮ ನಾಡುಗಳಲ್ಲಿ ಏನೆನ್ನುತ್ತಾರೆ, ಹೇಗೆ ಮಾಡುತ್ತಾರೆ, ನಾಳೆ ಇಟಾಲಿಯನ್ನಿನಲ್ಲಿ ಹೇಳಿ ಎಂದರಂತೆ. ಅಂದು ರವಿವಾರವಲ್ಲ. ಆದರೂ ಹುಡುಗಿ ತಾನಾಗಿಯೇ ಫೋನು ಮಾಡಿ, "ಅಜ್ಜಾ, ನಮ್ಮ ವಾಡೆದ ಗ್ವಾಡಿಗೆ ಏನ್ ಮೆತ್ತಿದ್ರು?" ಎಂದು ಕೇಳಿದಳು. ಅಜ್ಜನವರು ಸುಣ್ಣ ನೆನೆಹಾಕುವುದರಿಂದ ಹಿಡಿದು, ಎತ್ತು ಕಟ್ಟಿ ಕಲ್ಲಿನ ಗಾಲಿಯಿಂದ ಗಚ್ಚು ಅರೆಯುತ್ತಿದ್ದುದು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ರಸ ಬೆರೆಸುತ್ತಿದ್ದುದನ್ನೆಲ್ಲ ಹೇಳಿದರು. ಆ ಕರೆ ಒಂದೂವರೆ ತಾಸು ನಡೆಯಿತೆಂದು ನನ್ನೆದುರು ತುಸು ಅಂಜುತ್ತಲೇ ಒಪ್ಪಿಕೊಂಡರು. ಮರುದಿನ ಅವಳು ಅದನ್ನೆಲ್ಲ ನಿಘಂಟು ನೋಡಿ ಬರೆದುಕೊಂಡು ತರಗತಿಯಲ್ಲಿ ಓದಿದಳು. ಅಳಲೆಕಾಯಿಗೆ ಮಾತ್ರ ಅವಳಿಗೆ ಪದ ಸಿಗಲಿಲ್ಲ. ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳಂತೆ.