ಲಕ್ಕಮ್ಮನ ಲೆಕ್ಕ

ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದ ಸಂತೆಯಲ್ಲಿ ವ್ಯಾಪಾರಿ ಮರೆತು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ವಿದ್ಯಾರ್ಥಿ ಏನು ಮಾಡಬೇಕು? 12ನೇ ಶತಮಾನದ ಕಲ್ಯಾಣದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು.

ಶರಣರಿಗೆ ಭಕ್ತಿ ಬೇರೆ, ಸಂಪಾದನೆ ಬೇರೆ ಆಗಿರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡರು. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ದಾಸೋಹ ನಡೆಸಿದರು. ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಮ್ಮೆ ಎಂದಿಗಿಂತ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದರೆಂದು ಕಥೆ. ಅದು ಕದ್ದದ್ದಲ್ಲ, ಆದರೂ ಬೇಕಾದ್ದಕ್ಕಿಂತ ಹೆಚ್ಚಿನದು ಆಸೆ ಎಂಬುದು ಆಕೆಯ ಲೆಕ್ಕ.

ಶರಣರು ಗಳಿಕೆಯನ್ನು ಬಿಡಲಿಲ್ಲ, ಅದಕ್ಕೊಂದು ಅಳತೆ ಇಟ್ಟರು. ಇಂದು ಚಿತ್ರದುರ್ಗದ ತಾಯಿ ‘ಹೋಗಿ ಕೊಟ್ಟು ಬಾ’ ಎಂದರೆ, ಅದು ಲಕ್ಕಮ್ಮನ ಪಾಠವೇ.